ಯಂತ್ರದಾನವೂ ಯಂತ್ರಪಾಲನೆಯೂ

ವಿದ್ಯಾಸಂಸ್ಥೆಗಳಿಗೆ ದಾನ ನೀಡುವ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಮಠಗಳ ಆಶ್ರಯದಲ್ಲಿ ಬೆಳೆದ ಶಾಲೆಗಳ ಗೋಡೆಗಳ ಮೇಲೆ ಕೊಠಡಿ ಕಟ್ಟಿಸಿದವರ, ಗ್ರಂಥಭಂಡಾರಕ್ಕೆ ಕಪಾಟು ಕೊಟ್ಟವರ, ವಿದ್ಯಾರ್ಥಿನಿಲಯದ ದಾಸೋಹಕ್ಕೆ ಕಾಳುಕಡಿ ಒದಗಿಸಿದವರ ಹೆಸರುಗಳನ್ನು ಕಾಣಬಹುದು. ವೃತ್ತಿಶಿಕ್ಷಣದ ವಿಭಾಗವುಳ್ಳ ಶಾಲೆಗಳಲ್ಲಿ ಲೇತು, ಕೊರೆಯುವ ಯಂತ್ರ, ಸಾಣೆಯಂತ್ರಗಳ ಮೇಲೂ ಇಂಥ ಫಲಕಗಳಿರುವುದುಂಟು. ಅದು ಉಚಿತವೇ ಆಗಿದೆ. ಕೊಟ್ಟವರನ್ನು ನೆನೆಯುವುದು ಪಡೆದವರ ಧರ್ಮ. ಆದರೆ ಅದೇ ಲೇತಿನ ಪಕ್ಕದ ಮುಚ್ಚಳವನ್ನು ತೆರೆದು ನೋಡಿದರೆ, ಮೋಟಾರಿನ ಶಕ್ತಿಯನ್ನು ಹೆಡ್‌ಸ್ಟಾಕಿಗೆ ಒಯ್ಯುವ ರಬ್ಬರಿನ ಬೆಲ್ಟೊಂದು ಕಾಣುತ್ತದೆ. ಅದರ ಮೇಲೆ ಯಾವ ದಾನಿಯ ಹೆಸರೂ ಇರುವುದಿಲ್ಲ. ಆ ಬೆಲ್ಟು ಹರಿದ ದಿನ ಯಂತ್ರ ನಿಲ್ಲುತ್ತದೆ. ಫಲಕ ಮಾತ್ರ ಉಳಿಯುತ್ತದೆ.

ಲಕ್ಷಾಂತರ ರೂಪಾಯಿ ಬೆಲೆಬಾಳುವ ಯಂತ್ರವು ಕೆಲವು ನೂರು ರೂಪಾಯಿಗಳ ಬೆಲ್ಟಿಲ್ಲದೆ ತಿಂಗಳುಗಟ್ಟಲೆ ಗೋಣಿತಟ್ಟು ಹೊದ್ದು ನಿಂತಿರುವ ದೃಶ್ಯ ಶಾಲಾ ಕರ್ಮಶಾಲೆಗಳಲ್ಲಿ ಅಪರೂಪವಲ್ಲ. ಇದಕ್ಕೆ ಹಣದ ಅಭಾವವೊಂದೇ ಕಾರಣವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಹೊಸತನ್ನು ಕೊಳ್ಳುವುದು ಸಾಧನೆ, ಇದ್ದುದನ್ನು ಕಾಪಾಡುವುದು ಕೇವಲ ಕೂಲಿ ಎಂಬ ಭಾವನೆಯೇ ಇದರ ಮೂಲ. ಸವೆದ ಬೆಲ್ಟನ್ನು ಬದಲಿಸುವ ಕಾರ್ಯ ಪಾಠಕ್ಕೆ ಬಂದೊದಗಿದ ಅಡ್ಡಿಯಲ್ಲ, ಅದೇ ಒಂದು ಪೂರ್ಣ ಪಾಠ. ಅದಕ್ಕೆ ಬೇಕಾದ ಹಣವನ್ನೂ ಸಮಯವನ್ನೂ ಗೌರವವನ್ನೂ ಮೊದಲೇ ಮೀಸಲಿಡುವುದು ಸಂಸ್ಥೆಯ ಕರ್ತವ್ಯ. ಈ ಮಾತನ್ನು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಟ್ಟಾಗಿ ವಿಚಾರಿಸುವುದು ಅಗತ್ಯ.

ಮಿಣಿಯಿಂದ ವಿ-ಬೆಲ್ಟಿನವರೆಗೆ

ಒಂದು ಚಕ್ರದ ತಿರುಗುವಿಕೆಯನ್ನು ಇನ್ನೊಂದಕ್ಕೆ ದಾಟಿಸುವ ವಿದ್ಯೆ ಹಳ್ಳಿಯ ಜನರಿಗೆ ಅಪರಿಚಿತವಲ್ಲ. ನೂಲುವ ರಾಟೆಯಲ್ಲಿ ದೊಡ್ಡ ಚಕ್ರಕ್ಕೂ ಕದಿರಿಗೂ ನಡುವೆ ಸುತ್ತುವ ದಾರ ಒಂದು ಬೆಲ್ಟೇ. ಕಪಿಲೆ ಬಾವಿಯ ಮಿಣಿ ಶಕ್ತಿಯನ್ನು ಎತ್ತಿನ ಹೆಗಲಿನಿಂದ ನೀರಿನ ಬಾನೆಗೆ ಒಯ್ಯುತ್ತಿತ್ತು. ಆ ಮಿಣಿ ಎಲ್ಲಿ ಸವೆದಿದೆ, ಎಷ್ಟು ದಿನ ಬಾಳೀತು ಎಂಬುದನ್ನು ರೈತನು ಕೈಯಾಡಿಸಿಯೇ ತಿಳಿಯುತ್ತಿದ್ದನು. ಅದು ಹರಿಯುವವರೆಗೆ ಕಾಯುವವನನ್ನು ಊರವರು ಒಳ್ಳೆಯ ಒಕ್ಕಲಿಗನೆಂದು ಕರೆಯುತ್ತಿರಲಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 1800ರ ಹೊತ್ತಿಗೆ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೆ ತಿರುಪು ಕೊರೆಯುವ ಲೇತನ್ನು ಪರಿಷ್ಕರಿಸಿದ ಮೇಲೆ ಲೋಹದ ಕೆಲಸಕ್ಕೆ ಹೊಸ ನಿಖರತೆ ಬಂದಿತು. ಅನಂತರದ ಕಾರ್ಖಾನೆಗಳಲ್ಲಿ ಒಂದೇ ಉಗಿಯಂತ್ರ ಛಾವಣಿಯ ಕೆಳಗಿನ ಉದ್ದನೆಯ ದಂಡವನ್ನು ತಿರುಗಿಸುತ್ತಿತ್ತು. ಅದರಿಂದ ಚರ್ಮದ ಚಪ್ಪಟೆ ಬೆಲ್ಟುಗಳು ಇಳಿದು ಒಂದೊಂದು ಯಂತ್ರವನ್ನೂ ನಡೆಸುತ್ತಿದ್ದವು. ಯಂತ್ರಕ್ಕೊಂದು ವಿದ್ಯುತ್ ಮೋಟಾರು ಬಂದ ಮೇಲೆ ಆ ದಂಡಗಳು ಮರೆಯಾದವು, ಬೆಲ್ಟು ಮಾತ್ರ ಉಳಿಯಿತು. 1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ರಬ್ಬರು ಮತ್ತು ನೂಲಿನಿಂದ ರೂಪಿಸಿದ, ಅಡ್ಡ ಕೊಯ್ದರೆ ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಕಾಣುವ ವಿ-ಬೆಲ್ಟು ಕ್ರಮೇಣ ಚಪ್ಪಟೆ ಬೆಲ್ಟಿನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು.

ಕರ್ನಾಟಕಕ್ಕೂ ಲೇತಿಗೂ ಇರುವ ನಂಟು ಹೆಮ್ಮೆಪಡತಕ್ಕದ್ದು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇತುಗಳಿಗೆ ಹೆಸರಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ತಲೆಯೆತ್ತಿತು. ಹರಿಹರದ ಕಾರ್ಖಾನೆಯ ಬಾಗಿಲು ಮುಚ್ಚಿ ವರ್ಷಗಳೇ ಸಂದಿವೆ. ಆದರೂ ಅಲ್ಲಿ ಹುಟ್ಟಿದ ಲೇತುಗಳು ಇಂದಿಗೂ ತಿರುಗುತ್ತಿವೆ. ತಯಾರಕನಿಲ್ಲದ ಯಂತ್ರಕ್ಕೆ ಗೇರು ಸಿಗುವುದು ಕಷ್ಟವಾದೀತು. ಬೆಲ್ಟು ಮಾತ್ರ ಜಿಲ್ಲಾ ಕೇಂದ್ರದ ಯಾವ ಯಂತ್ರಸಾಮಗ್ರಿಯ ಅಂಗಡಿಯಲ್ಲಾದರೂ ದೊರೆಯುತ್ತದೆ. ಏಕೆಂದರೆ ಅದರ ಅಳತೆಗಳು ಮಾನಕದಿಂದ ನಿಗದಿಯಾಗಿವೆ. ‘ಎ’ ವರ್ಗದ ಬೆಲ್ಟಿನ ಮೇಲಂಚಿನ ಅಗಲ 13 ಮಿಲಿಮೀಟರು, ದಪ್ಪ 8. ‘ಬಿ’ ವರ್ಗದ್ದು 17 ಮತ್ತು 11. ಬೆಲ್ಟಿನ ಬೆನ್ನಿನ ಮೇಲೆ ‘ಬಿ 52’ ಎಂದಿದ್ದರೆ ಅದು ಬಿ ವರ್ಗದ, ಒಳಸುತ್ತು 52 ಅಂಗುಲದ ಬೆಲ್ಟು. ಇಷ್ಟು ಸುಲಭವಾಗಿ ಸಿಗುವ ವಸ್ತುವಿಗಾಗಿ ಯಂತ್ರ ನಿಲ್ಲಿಸಿಕೊಂಡು ಕುಳಿತುಕೊಳ್ಳುವುದಕ್ಕೆ ಸಮರ್ಥನೆಯಿಲ್ಲ.

ಸವೆತದ ರೀತಿ

ವಿ-ಬೆಲ್ಟು ಪುಲ್ಲಿಯ ಗಾಡಿಯ ತಳವನ್ನು ಮುಟ್ಟುವುದಿಲ್ಲ. ಅದರ ಎರಡು ಪಕ್ಕಗಳು ಗಾಡಿಯ ಎರಡು ಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ಈ ಬೆಣೆಯ ಗುಣದಿಂದ ಅಷ್ಟೇ ಎಳೆತಕ್ಕೆ ಚಪ್ಪಟೆ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ ದೊರೆಯುತ್ತದೆ. ಪಕ್ಕಗಳು ಸವೆದು ಬೆಲ್ಟು ಕೆಳಗಿಳಿದು ತಳಕ್ಕೆ ತಾಗಿತೆಂದರೆ ಬೆಣೆಯ ಗುಣ ನಷ್ಟವಾಯಿತು. ಆಗ ಎಷ್ಟು ಬಿಗಿದರೂ ಅದು ಜಾರುತ್ತದೆ. ಪುಲ್ಲಿಯ ತಳ ಕನ್ನಡಿಯಂತೆ ಹೊಳೆಯುವುದು ಆ ಸ್ಥಿತಿಯ ಗುರುತು.

ಈ ಸಣ್ಣ ವಸ್ತುವಿನ ದುಡಿಮೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಗಣಿತದ ಅಭ್ಯಾಸ. ಮೋಟಾರು ನಿಮಿಷಕ್ಕೆ 1440 ಸುತ್ತು, ಎಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆಯೆಂದೂ ಅದರ ಪುಲ್ಲಿಯ ವ್ಯಾಸ 100 ಮಿಲಿಮೀಟರೆಂದೂ ಇಟ್ಟುಕೊಂಡರೆ, ಬೆಲ್ಟು ಸೆಕೆಂಡಿಗೆ ಸುಮಾರು ಏಳೂವರೆ ಮೀಟರು ಓಡುತ್ತದೆ. ಬಿ 52 ಬೆಲ್ಟಿನ ಉದ್ದ ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು. ಅಂದರೆ ಗಂಟೆಗೆ ಸುಮಾರು ಇಪ್ಪತ್ತು ಸಾವಿರ ಸಾರಿ ಅದು ಸುತ್ತುತ್ತದೆ; ಎರಡು ಪುಲ್ಲಿಗಳ ಮೇಲೆ ಬಾಗುವುದರಿಂದ ಸುಮಾರು ನಲವತ್ತು ಸಾವಿರ ಸಾರಿ ಬಾಗಿ ಮತ್ತೆ ನೇರವಾಗುತ್ತದೆ. ಇಷ್ಟು ದುಡಿಯುವ ವಸ್ತು ಸವೆಯುವುದು ಸಹಜ. ಅಷ್ಟೇ ಅಲ್ಲ, ಸವೆಯುವುದೇ ಅದರ ಧರ್ಮ. ಉಳಿ ಲೋಹದಲ್ಲಿ ಹಠಾತ್ತನೆ ಸಿಕ್ಕಿಕೊಂಡಾಗ ಬೆಲ್ಟು ಜಾರಿ ಗೇರಿನ ಹಲ್ಲುಗಳನ್ನೂ ಮೋಟಾರನ್ನೂ ಎಷ್ಟೋ ವೇಳೆ ಉಳಿಸುತ್ತದೆ. ಅಗ್ಗದ ವಸ್ತು ಸವೆದು ಬೆಲೆಯುಳ್ಳದ್ದು ಉಳಿಯಲಿ ಎಂಬ ವಿವೇಕ ಆ ರಚನೆಯಲ್ಲಿಯೇ ಅಡಗಿದೆ.

ಬೆಲ್ಟು ಹೇಳದೆ ಕೇಳದೆ ಹರಿಯುವುದು ವಿರಳ. ಯಂತ್ರ ಚಾಲೂ ಮಾಡಿದಾಗ ಕಿರುಚುವ ಸದ್ದು, ಮುಚ್ಚಳದ ಒಳಗೆ ಕಪ್ಪು ಪುಡಿ, ಪಕ್ಕಗಳಲ್ಲಿ ಗಾಜಿನಂಥ ಹೊಳಪು, ಒಳಮೈಯಲ್ಲಿ ಅಡ್ಡ ಬಿರುಕು, ಭಾರವಾದ ಕಡಿತದಲ್ಲಿ ಸುಟ್ಟ ರಬ್ಬರಿನ ವಾಸನೆ, ಇವೆಲ್ಲ ಅದು ಮುಂಚಿತವಾಗಿ ಕೊಡುವ ಸೂಚನೆಗಳು. ಇವನ್ನು ಗಮನಿಸದಿದ್ದಾಗ ಹಾನಿ ಯಂತ್ರಕ್ಕಷ್ಟೇ ಆಗುವುದಿಲ್ಲ. ಜಾರುವ ಬೆಲ್ಟಿನ ಲೇತಿನಲ್ಲಿ ಕಡಿತ ಆಳವಾದಂತೆ ಸ್ಪಿಂಡಲಿನ ವೇಗ ಕುಗ್ಗುತ್ತದೆ, ಉಳಿ ಕತ್ತರಿಸುವ ಬದಲು ಉಜ್ಜುತ್ತದೆ, ಕೆಲಸದ ಮೈ ಒರಟಾಗುತ್ತದೆ. ವಿದ್ಯಾರ್ಥಿಯು ತನ್ನ ಕೈಯೇ ಸರಿಯಿಲ್ಲವೆಂದು ಭಾವಿಸುತ್ತಾನೆ. ಪರೀಕ್ಷಕರೂ ಹಾಗೆಯೇ ಭಾವಿಸಿ ಅಂಕ ಕಳೆಯುತ್ತಾರೆ. ಹಳ್ಳಿಯಿಂದ ಬಂದು, ಜೀವನದಲ್ಲಿ ಮೊದಲ ಸಾರಿ ಲೇತಿನ ಮುಂದೆ ನಿಂತ ಬಡ ವಿದ್ಯಾರ್ಥಿಯ ಆತ್ಮವಿಶ್ವಾಸವನ್ನು ಸಂಸ್ಥೆಯ ಅಲಕ್ಷ್ಯ ಹೀಗೆ ಕುಂದಿಸುವುದು ಅನ್ಯಾಯವಲ್ಲದೆ ಮತ್ತೇನು?

ಬದಲಿಸುವ ಕ್ರಮವೇ ಪಾಠ

ಬೆಲ್ಟು ಬದಲಿಸುವುದು ಅರ್ಧ ದಿನಕ್ಕೂ ಕಡಿಮೆ ಅವಧಿಯ ಕೆಲಸ. ಅದನ್ನು ಅವಸರದಿಂದ ಮಾಡುವುದಕ್ಕೂ ಕ್ರಮವಾಗಿ ಮಾಡುವುದಕ್ಕೂ ಅಜಗಜಾಂತರವಿದೆ.

ಮೊದಲನೆಯದು ಸುರಕ್ಷತೆ. ಗುಂಡಿ ಒತ್ತಿ ಯಂತ್ರ ನಿಲ್ಲಿಸಿದರೆ ಸಾಲದು. ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯೂಸನ್ನು ತೆಗೆದು ಅಧ್ಯಾಪಕರು ತಮ್ಮ ಜೇಬಿನಲ್ಲಿಟ್ಟುಕೊಳ್ಳಬೇಕು. ಓಡುವ ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿದ ಬೆರಳು ಮರಳಿ ಬರುವುದಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಶಕ್ತಿ ಸಾಗಿಸುವ ಭಾಗಗಳಿಗೆ ಭದ್ರವಾದ ಆವರಣವಿರಬೇಕೆಂದು ವಿಧಿಸಿದ್ದು, ಚಲಿಸುತ್ತಿರುವಾಗ ಅವನ್ನು ಒರೆಸುವುದನ್ನೂ ಸರಿಪಡಿಸುವುದನ್ನೂ ಎಳೆಯರಿಗೆ ನಿಷೇಧಿಸಿದ್ದು ಈ ಕಾರಣದಿಂದಲೇ.

ಎರಡನೆಯದು ಅಳತೆ. ಹಳೆಯ ಬೆಲ್ಟಿನ ಅಂಕಿ ಅಳಿಸಿಹೋಗಿದ್ದರೆ ಅದನ್ನೇ ಅಳೆದು ಹೊಸದನ್ನು ತರುವ ರೂಢಿಯಿದೆ. ಅದು ತಪ್ಪಿಗೆ ದಾರಿ. ದುಡಿದ ಬೆಲ್ಟು ಹಿಗ್ಗಿರುತ್ತದೆ. ಮೋಟಾರನ್ನು ಅದರ ಸರಿಯುವ ಅವಕಾಶದ ಮಧ್ಯದಲ್ಲಿರಿಸಿ, ಎರಡೂ ಪುಲ್ಲಿಗಳ ಸುತ್ತ ದಾರ ಹಾಯಿಸಿ ಅಳೆಯುವುದು ಲೇಸು.

ಮೂರನೆಯದು ತೆಗೆಯುವ ಮತ್ತು ಹಾಕುವ ಬಗೆ. ಮೋಟಾರಿನ ಬೋಲ್ಟು ಸಡಿಲಿಸಿ ಅದನ್ನು ಹತ್ತಿರಕ್ಕೆ ತಂದರೆ ಬೆಲ್ಟು ತಾನಾಗಿಯೇ ಕೈಗೆ ಬರುತ್ತದೆ. ಹಾಗೆ ಮಾಡದೆ ಸ್ಕ್ರೂಡ್ರೈವರಿನಿಂದ ಮೀಟಿ ಹೊಸ ಬೆಲ್ಟನ್ನು ಏರಿಸುವವರು ಬಹಳ. ಮೀಟಿದಾಗ ಒಳಗಿನ ನೂಲಿನ ಎಳೆಗಳು ತುಂಡಾಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಬೇಗನೆ ಹರಿದಾಗ ಅಂಗಡಿಯವನನ್ನು ದೂರುತ್ತಾರೆ. ಐದು ನಿಮಿಷದ ಸೋಮಾರಿತನ ಬೆಲ್ಟಿನ ಆಯುಷ್ಯವನ್ನೇ ಕಸಿದುಕೊಂಡಿರುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕಾರಣದ ಶೋಧನೆ. ಬೆಲ್ಟು ಏಕೆ ಸವೆಯಿತು ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಹೊಸ ಬೆಲ್ಟನ್ನು ಹಾಕಬಾರದು. ಪುಲ್ಲಿಯ ಗೋಡೆಗಳು ತಗ್ಗುಬಿದ್ದಿವೆಯೇ? ಆ ತಗ್ಗು 0.8 ಮಿಲಿಮೀಟರನ್ನು ಮೀರಿದ್ದರೆ ಪುಲ್ಲಿಯನ್ನೇ ಬದಲಿಸಬೇಕು ಅಥವಾ ಕಡೆದು ಸರಿಪಡಿಸಬೇಕು. ಕೆಟ್ಟ ಪುಲ್ಲಿಯ ಮೇಲಿನ ಹೊಸ ಬೆಲ್ಟು ಹಳೆಯದಕ್ಕಿಂತ ಬೇಗ ಹಾಳಾಗುತ್ತದೆ. ಎರಡು ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ? ಬಿಗಿದು ಹಿಡಿದ ದಾರ ಎರಡರ ಮುಖಕ್ಕೂ ನಾಲ್ಕು ಕಡೆ ತಾಗಿದರೆ ಸರಿ, ಇಲ್ಲವಾದರೆ ಮೋಟಾರು ಓರೆಯಾಗಿದೆ. ಹೆಡ್‌ಸ್ಟಾಕಿನಿಂದ ಎಣ್ಣೆ ಸೋರುತ್ತಿದೆಯೇ? ಎಣ್ಣೆ ರಬ್ಬರಿಗೆ ಶತ್ರು. ಹಿಟ್ಟಿನ ಗಿರಣಿಗಳಲ್ಲಿ ಜಾರುವ ಚಪ್ಪಟೆ ಬೆಲ್ಟಿಗೆ ರಾಳದ ಪುಡಿ ಎರಚುವ ರೂಢಿಯುಂಟು. ಅದನ್ನು ನೋಡಿ ವಿ-ಬೆಲ್ಟಿಗೂ ಹಾಗೆ ಮಾಡುವುದು ರೋಗವನ್ನು ಮುಚ್ಚಿಟ್ಟು ಬೆಳೆಸಿದಂತೆ.

ಐದನೆಯದು, ಒಂದು ಯಂತ್ರದಲ್ಲಿ ಎರಡು ಮೂರು ಬೆಲ್ಟುಗಳು ಒಟ್ಟಿಗೆ ಓಡುತ್ತಿದ್ದರೆ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕು. ಹರಿದದ್ದೊಂದನ್ನೇ ಬದಲಿಸುವುದು ಉಳಿತಾಯವೆಂದು ತೋರಿದರೂ, ಹಿಗ್ಗಿದ ಹಳೆಯವುಗಳ ಪಕ್ಕದಲ್ಲಿ ಹೊಸದು ಮಾತ್ರ ಬಿಗಿಯಾಗಿದ್ದು ಎಲ್ಲ ಭಾರವನ್ನೂ ತಾನೊಂದೇ ಹೊರುತ್ತದೆ. ಒಂದೇ ನೊಗಕ್ಕೆ ಹರೆಯದ ಹೋರಿಯನ್ನೂ ಮುದಿ ಎತ್ತನ್ನೂ ಕಟ್ಟಿದರೆ ಆಗುವುದೇನೆಂಬುದು ರೈತರ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಕೊನೆಯದು ಬಿಗಿತ. ಎರಡು ಪುಲ್ಲಿಗಳ ನಡುವಣ ಬೆಲ್ಟಿನ ಮಧ್ಯದಲ್ಲಿ ಒತ್ತಿದಾಗ ಪ್ರತಿ 100 ಮಿಲಿಮೀಟರಿಗೆ ಸುಮಾರು 1.6 ಮಿಲಿಮೀಟರು ಬಾಗುವುದನ್ನು ಅಳತೆಯಾಗಿ ಇಟ್ಟುಕೊಂಡು, ಅಷ್ಟು ಬಾಗಿಸಲು ಬೇಕಾಗುವ ಒತ್ತಡವನ್ನು ನೋಡುವುದು ರೂಢಿ. 400 ಮಿಲಿಮೀಟರು ಅಂತರವಿದ್ದರೆ ಈ ಬಾಗು ಆರು ಮಿಲಿಮೀಟರಿನಷ್ಟು. ಮೆಲ್ಲಗೆ ಮುಟ್ಟಿದರೇ ಅಷ್ಟು ಬಾಗುವ ಬೆಲ್ಟು ಸಡಿಲ, ಬಲವಾಗಿ ಒತ್ತಿದರೂ ಬಾಗದ್ದು ಅತಿಬಿಗಿ. ಸಡಿಲವಾದರೆ ಬೆಲ್ಟು ಜಾರಿ ಸುಡುತ್ತದೆ. ಅತಿಬಿಗಿಯಾದರೆ ಮೋಟಾರಿನ ಬೇರಿಂಗು ಸವೆಯುತ್ತದೆ. ಹೊಸ ಬೆಲ್ಟು ಒಂದೆರಡು ದಿನ ಓಡಿದ ಮೇಲೆ ಗಾಡಿಯಲ್ಲಿ ಕುಳಿತು ತುಸು ಸಡಿಲಾಗುವುದರಿಂದ ಇನ್ನೊಮ್ಮೆ ಬಿಗಿಯಬೇಕು. ಈ ಎರಡನೆಯ ಬಿಗಿತವನ್ನು ಮರೆಯುವುದರಿಂದಲೇ ಅನೇಕ ಬೆಲ್ಟುಗಳು ಅಕಾಲದಲ್ಲಿ ಹಾಳಾಗುತ್ತವೆ.

ಮೆಟ್ಟಿಲು ಪುಲ್ಲಿಯ ಹಳೆಯ ಲೇತುಗಳ ಪಾಠ ಇನ್ನೂ ಸೂಕ್ಷ್ಮ. ಅಲ್ಲಿ ಚಪ್ಪಟೆ ಬೆಲ್ಟು ಹೆಡ್‌ಸ್ಟಾಕಿನೊಳಗೆ ಸ್ಪಿಂಡಲನ್ನು ಸುತ್ತಿಕೊಂಡಿರುವುದರಿಂದ ಜೋಡಣೆಯಿಲ್ಲದ ಬೆಲ್ಟನ್ನು ತೊಡಿಸಲು ಸ್ಪಿಂಡಲನ್ನೇ ಹೊರಗೆಳೆಯಬೇಕಾಗುತ್ತದೆ. ಅದನ್ನು ತಪ್ಪಿಸಲು ಬೆಲ್ಟನ್ನು ಒಳಗೆ ಹಾಯಿಸಿ ತುದಿಗಳನ್ನು ಅಲ್ಲಿಯೇ ಬಾರಿನಿಂದ ಹೊಲಿಯುವರು ಅಥವಾ ಕೊಂಡಿಯಿಂದ ಕೂಡಿಸುವರು. ಚರ್ಮದ ನುಣುಪಾದ ಮೈ ಪುಲ್ಲಿಯ ಕಡೆಗಿರಬೇಕು, ತುದಿಗಳು ಗುಣಿಗೆ ಸರಿಯಾಗಿ ಕತ್ತರಿಸಿರಬೇಕು. ಚರ್ಮದ ಕುಶಲಕರ್ಮಿಯ ಕೈಚಳಕವಿಲ್ಲದೆ ಲೋಹದ ಕುಶಲಕರ್ಮಿಯ ಯಂತ್ರ ನಡೆಯದಿದ್ದ ಕಾಲದ ನೆನಪು ಈ ಲೇತುಗಳಲ್ಲಿ ಉಳಿದಿದೆ.

ಕೇಳಿಬರುವ ಆಕ್ಷೇಪಣೆಗಳು

ಗಣಕಯಂತ್ರದಿಂದ ನಡೆಯುವ ಲೇತುಗಳ ಕಾಲದಲ್ಲಿ ಬೆಲ್ಟಿನ ಮಾತೇಕೆ ಎಂದು ಕೆಲವರು ಕೇಳಬಹುದು. ಆ ಹೊಸ ಲೇತುಗಳಲ್ಲಿಯೂ ಮೋಟಾರಿನಿಂದ ಸ್ಪಿಂಡಲಿಗೆ ಶಕ್ತಿ ಸಾಗುವುದು ಬಹಳ ಕಡೆ ಬೆಲ್ಟಿನ ಮೂಲಕವೇ. ಅಲ್ಲಿ ಬೆಲ್ಟು ಸವೆದರೆ ಪರದೆಯ ಮೇಲೆ ದೋಷದ ಸೂಚನೆ ಮೂಡೀತು. ಅದನ್ನು ಕಳಚಿ ಸರಿಪಡಿಸುವ ಕೈ ಮಾತ್ರ ಮನುಷ್ಯನದೇ ಆಗಿರಬೇಕು.

ವಿದ್ಯಾರ್ಥಿಗಳಿಗೆ ಅಪಾಯವಾದೀತು, ಮೆಕ್ಯಾನಿಕನನ್ನು ಕರೆಸುವುದು ಲೇಸು ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ಹುರುಳಿಲ್ಲದಿಲ್ಲ. ಅಧ್ಯಾಪಕರ ಕಣ್ಣೆದುರಿನಲ್ಲಿ ಮಾತ್ರ ಈ ಕೆಲಸ ನಡೆಯತಕ್ಕದ್ದು. ಆದರೆ ಫ್ಯೂಸು ತೆಗೆದಿಟ್ಟ ಯಂತ್ರದ ಮೇಲೆ ಶಾಲೆಯಲ್ಲಿ ಕಲಿಯದವನು ನಾಳೆ ಕಾರ್ಖಾನೆಯ ಅವಸರದಲ್ಲಿ ಓಡುವ ಯಂತ್ರದ ಮೇಲೆ ಕಲಿಯಬೇಕಾಗುತ್ತದೆ. ಅದು ಹೆಚ್ಚು ಅಪಾಯಕರ.

ಪರೀಕ್ಷೆಗೆ ಬೇಕಾದುದು ನಿಗದಿಯಾದ ಮಾದರಿಗಳನ್ನು ಕಡೆದು ತೋರಿಸುವುದು, ದುರಸ್ತಿಗೆ ಸಮಯವೆಲ್ಲಿ ಎಂಬುದು ಮೂರನೆಯದು. ಹತ್ತು ಲೇತುಗಳಲ್ಲಿ ಎರಡು ನಿಂತರೆ ಉಳಿದ ಎಂಟರ ಮುಂದೆ ಸಾಲು ನಿಲ್ಲುವ ವಿದ್ಯಾರ್ಥಿಗಳು ಕಳೆದುಕೊಳ್ಳುವ ಸಮಯವನ್ನು ಕೂಡಿಸಿ ನೋಡಿದರೆ, ದುರಸ್ತಿಯ ಅರ್ಧ ದಿನ ಅದರ ಮುಂದೆ ಅತ್ಯಲ್ಪವೆಂದು ತಿಳಿದೀತು.

ಆಗಬೇಕಾದ ಕೆಲಸ

ಮಠಗಳಲ್ಲಿ ಪಾಲನೆಯ ಸಂಪ್ರದಾಯ ಇಲ್ಲವೆಂದಲ್ಲ. ಜಾತ್ರೆಗೆ ಮೊದಲು ತೇರಿನ ಅಚ್ಚನ್ನೂ ಗಾಲಿಯನ್ನೂ ಬಡಿಗರು ಪರೀಕ್ಷಿಸುತ್ತಾರೆ. ಎಳೆಯುವ ಮಿಣಿಯನ್ನು ಬಿಚ್ಚಿ ನೋಡುತ್ತಾರೆ. ತೇರಿನ ಮಿಣಿ ಹರಿಯಲಿ, ಆಮೇಲೆ ನೋಡೋಣ ಎಂದು ಯಾವ ಮಠದ ಹಿರಿಯರೂ ಹೇಳುವುದಿಲ್ಲ. ದಾಸೋಹದ ತಾಮ್ರದ ಹಂಡೆಗಳಿಗೆ ಕಾಲಕಾಲಕ್ಕೆ ಕಲಾಯಿ ಮಾಡಿಸುವುದಕ್ಕೆ ಯಾರ ಅಪ್ಪಣೆಗೂ ಕಾಯುವುದಿಲ್ಲ. ಆ ಎಚ್ಚರವೇ ಕರ್ಮಶಾಲೆಯ ಬಾಗಿಲನ್ನೂ ಪ್ರವೇಶಿಸಬೇಕಾಗಿದೆ.

ಇದಕ್ಕೆ ಕೆಲವು ಸುಲಭವಾದ ಏರ್ಪಾಡುಗಳು ಸಾಕು. ಯಂತ್ರದಾನ ಮಾಡುವವರು ಯಂತ್ರದ ಜೊತೆಯಲ್ಲಿಯೇ ಒಂದು ಸಣ್ಣ ಪಾಲನಾ ದತ್ತಿಯನ್ನೂ ಇಡಲಿ. ಅದರ ಬಡ್ಡಿ ಬೆಲ್ಟು, ಬೇರಿಂಗು, ಎಣ್ಣೆಗಳಿಗಲ್ಲದೆ ಬೇರೆ ಯಾವ ಬಾಬಿಗೂ ವಿನಿಯೋಗವಾಗದಿರಲಿ. ಆಡಳಿತ ಮಂಡಲಿಯು ಆಯವ್ಯಯದಲ್ಲಿ ಪಾಲನೆಗೆ ಪ್ರತ್ಯೇಕ ಶೀರ್ಷಿಕೆಯನ್ನಿಟ್ಟು, ಅದರ ಸಣ್ಣ ವೆಚ್ಚಗಳನ್ನು ಮಂಜೂರು ಮಾಡುವ ಅಧಿಕಾರವನ್ನು ಕರ್ಮಶಾಲೆಯ ಮುಖ್ಯಸ್ಥರಿಗೇ ಕೊಡಲಿ. ಮುನ್ನೂರು ರೂಪಾಯಿಯ ವಸ್ತುವಿಗೆ ಮೂರು ಸಹಿಗಳ ಅಗತ್ಯವಿಲ್ಲ. ಪ್ರತಿಯೊಂದು ಯಂತ್ರಕ್ಕೂ ಒಂದು ಪುಸ್ತಕವಿರಲಿ. ಬೆಲ್ಟಿನ ಅಂಕಿ, ಬದಲಿಸಿದ ದಿನ, ಸವೆತದ ಕಾರಣ, ಬದಲಿಸಿದ ವಿದ್ಯಾರ್ಥಿಗಳ ಹೆಸರು ಅದರಲ್ಲಿ ದಾಖಲಾಗಲಿ. ಪ್ರತಿ ಅಳತೆಗೂ ಒಂದು ಜೊತೆ ಬೆಲ್ಟು ಮುಂಗಡವಾಗಿ ದಾಸ್ತಾನಿನಲ್ಲಿರಲಿ. ಅದನ್ನು ಮೊಳೆಗೆ ತೂಗುಹಾಕದೆ, ಬಿಸಿಲು ಎಣ್ಣೆಗಳಿಂದ ದೂರವಾದ ತಂಪು ಜಾಗದಲ್ಲಿ ಇಡಬೇಕು. ಮೊಳೆಗೆ ತೂಗಿದ ಬೆಲ್ಟು ಆ ಬಿಂದುವಿನಲ್ಲಿ ಮುರಿದುಕೊಳ್ಳುತ್ತದೆ. ಆಂತರಿಕ ಮೌಲ್ಯಮಾಪನದಲ್ಲಿ ಈ ಕೆಲಸಕ್ಕೆ ಅಂಕಗಳಿರಲಿ.

ಹಳೆಯ ವಿದ್ಯಾರ್ಥಿಗಳ ಪಾತ್ರವೂ ಕಿರಿದಲ್ಲ. ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಂಗಳೂರಿನ ಪೀಣ್ಯ ಮೊದಲಾದೆಡೆಗಳಲ್ಲಿ ಸ್ವಂತ ಘಟಕಗಳನ್ನು ನಡೆಸುತ್ತಿರುವವರಿಗೆ ಒಂದು ದಿನ ಯಂತ್ರ ನಿಂತರೆ ಆಗುವ ನಷ್ಟ ಎಷ್ಟೆಂಬುದು ಅನುಭವದಿಂದಲೇ ಗೊತ್ತು. ವರ್ಷಕ್ಕೊಂದು ದಿನ ಶಾಲೆಗೆ ಬಂದು ವಿದ್ಯಾರ್ಥಿಗಳೊಂದಿಗೆ ಯಂತ್ರಗಳ ಮುಚ್ಚಳ ತೆರೆದು ನೋಡಿದರೆ, ಆ ದಿನ ಅವರು ಕೊಡುವ ದೇಣಿಗೆಗಿಂತ ಆ ಸೇವೆಯ ಬೆಲೆ ಹೆಚ್ಚಿನದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಯಂತ್ರ ಒರೆಸಿ, ಬೆಲ್ಟಿನ ಸದ್ದಿನಿಂದಲೇ ಅದರ ಸ್ಥಿತಿಯನ್ನು ಅರಿಯುವ ಕರ್ಮಶಾಲೆಯ ಸಹಾಯಕನ ಹೆಸರು ಸಂಸ್ಥೆಯ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಸಿಬ್ಬಂದಿಯ ಪಟ್ಟಿಯ ಕೊನೆಯಲ್ಲಿರುತ್ತದೆ. ಆ ಸ್ಥಾನವೂ ಮರುವಿಚಾರಕ್ಕೆ ಯೋಗ್ಯ.

ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನವರ ಕಾಯಕ ಹುಲ್ಲು ಕೊಯ್ದು ತಂದು ಹಗ್ಗ ಹೊಸೆಯುವುದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿದ್ದರೂ ಅವರು ಕಾಯಕವನ್ನು ಬಿಡಲಿಲ್ಲವೆಂಬ ಕಥೆಯನ್ನು ಶರಣ ಪರಂಪರೆ ಉಳಿಸಿಕೊಂಡು ಬಂದಿದೆ. ಹಗ್ಗ ಹೊಸೆಯುವವರೂ ಅನುಭವ ಮಂಟಪದಲ್ಲಿ ಪಂಡಿತರ ಸಮಕ್ಕೆ ಕುಳಿತರೆಂಬುದು ಆ ಪರಂಪರೆಯ ಹಿರಿಮೆ. ಆ ಹೆಸರನ್ನು ಹೇಳಿಕೊಂಡು ನಡೆಯುವ ಶಾಲೆಗಳಲ್ಲಿ ಬೆಲ್ಟು ಬದಲಿಸುವ ಕೈ ಕೀಳೆಂದು ಎಣಿಸಲ್ಪಡುವುದಾದರೆ ಆ ತತ್ತ್ವ ಭಾಷಣಕ್ಕಷ್ಟೇ ಉಳಿದಂತಾಗುತ್ತದೆ.

ಆದುದರಿಂದ ಮುಂದಿನ ವರ್ಷ ದಾನಿಗಳು ಕರ್ಮಶಾಲೆಯನ್ನು ಸಂದರ್ಶಿಸಿದಾಗ ಹೊಸ ಯಂತ್ರಗಳೆಷ್ಟು ಬಂದಿವೆ ಎಂದು ಕೇಳುವುದಕ್ಕೆ ಮೊದಲು, ಇರುವ ಯಂತ್ರಗಳಲ್ಲಿ ಇಂದು ತಿರುಗುತ್ತಿರುವುವು ಎಷ್ಟು ಎಂದು ಕೇಳಲಿ. ಎಲ್ಲವೂ ತಿರುಗುತ್ತಿವೆ, ಅವುಗಳ ಬೆಲ್ಟನ್ನು ಹಾಕಿದವರು ಈ ವಿದ್ಯಾರ್ಥಿಗಳೇ ಎಂದು ಅಧ್ಯಾಪಕರು ಯಂತ್ರದ ಪುಸ್ತಕವನ್ನು ತೆರೆದು ತೋರಿಸುವಂತಾದರೆ ಕೊಟ್ಟವರ ದಾನವೂ ಕಲಿಸಿದವರ ಶ್ರಮವೂ ಸಾರ್ಥಕವಾದಾವು.